ಮೂಲೆ ಒಲೆಯ ಹೊಗೆ

ಮುದ್ದೇಬಿಹಾಳದಿಂದ ತಂಗಡಗಿಯ ಕಡೆ ಹೋಗುವ ಬಸ್ಸು ಹಳ್ಳ ದಾಟಿದ ಮೇಲೆ ಒಂದು ಬೇವಿನ ಗಿಡದ ಕೆಳಗೆ ನಿಲ್ಲುತ್ತದೆ. ಅಲ್ಲಿ ಇಳಿದು ಎರೆಹೊಲಗಳ ನಡುವಿನ ದಾರಿ ಹಿಡಿದರೆ ಮೊದಲು ಕಣ್ಣಿಗೆ ಬೀಳುವುದು ಊರಲ್ಲ, ಮಠದ ರೊಟ್ಟಿಮನೆಯ ಹೊಗೆ. ಶ್ರಾವಣದಲ್ಲಿ ಆ ಹೊಗೆ ಕಂಡ ಪರಸ್ಥಳದವರು, ಇವತ್ತಿನ ಊಟ ಶಿವ ನೋಡಿಕೊಂಡ ಎಂದು ಹೆಗಲ ಗಂಟನ್ನು ಸಡಿಲ ಮಾಡುತ್ತಾರೆ.

ಶ್ರಾವಣ ಪೂರ ಆ ಮಠದಲ್ಲಿ ಸಂಜೆಗೆ ಪುರಾಣ, ಪುರಾಣ ಮುಗಿದ ಮೇಲೆ ಪ್ರಸಾದ. ಪ್ರಸಾದದ ರೊಟ್ಟಿ ಬಡಿಯುವವರು ಊರ ಹೆಣ್ಣುಮಕ್ಕಳು. ಬಾ ಎಂದು ಅವರನ್ನು ಯಾರೂ ಕರೆಯುವುದಿಲ್ಲ, ಕೂಲಿಯನ್ನು ಅವರು ಕೇಳುವುದಿಲ್ಲ. ಮನೆಯ ಕಸಮುಸುರೆ ಮುಗಿಸಿ, ಸೆರಗಿನಲ್ಲಿ ಒಂದಿಷ್ಟು ಜೋಳದ ಹಿಟ್ಟು ಕಟ್ಟಿಕೊಂಡು ಬಂದು ಒಲೆಯ ಮುಂದೆ ಕೂತರೆ ಅದೇ ಸೇವೆ. ಕೈಗೆ ಕೆಲಸವಿದ್ದಾಗ ಬಾಯಿ ಸುಮ್ಮನಿರುತ್ತದೆಯೇ? ಹಾಗಾಗಿ ರೊಟ್ಟಿಯ ಪಟಪಟದ ಜೊತೆಗೆ ಅಲ್ಲಿ ಕಥೆಗಳೂ ಬೇಯುತ್ತಿದ್ದವು.

ಕಥೆ ಎಂದರೆ ರೇವವ್ವ. ಅವಳ ಜಾಗ ಬಾಗಿಲ ಒಲೆ. ರೊಟ್ಟಿಮನೆಯ ದೊಡ್ಡ ಬಾಗಿಲು ಮಠದ ಅಂಗಳಕ್ಕೆ ತೆರೆಯುತ್ತದೆ. ಅದರ ಮಗ್ಗುಲಲ್ಲೇ ಆ ಒಲೆ, ಗಾಳಿ ಬೆಳಕು ಎರಡೂ ಧಾರಾಳ. ಅವಳ ಅತ್ತೆ ಕೂತು ಹೋದ ಜಾಗ ಅದು. ಅಲ್ಲಿ ಕೂತು ಅವಳು, ಹೆಂಡತಿಗೆ ಹೆದರಿ ಕಣಜದಲ್ಲಿ ಅಡಗಿದ ಗೌಡನ ಕಥೆ ಹೇಳುವಳು. ತನ್ನ ಗೊರಕೆಗೆ ತಾನೇ ಎಚ್ಚೆತ್ತು, ಕಳ್ಳ ಬಂದನೆಂದು ಓಡಿದ ಕಾವಲುಗಾರನ ಕಥೆ ಹೇಳುವಳು. ಅಂಗಳದಲ್ಲಿ ಮಠದ ಸ್ವಾಮಿಗಳಾದ ಅಜ್ಜಾರು ಸ್ನಾನಕ್ಕೆ ಹೋಗುತ್ತಿದ್ದರೆ, ಗಂಡಸರು ಕಟ್ಟಿಗೆ ತಂದು ಇಳಿಸುತ್ತಿದ್ದರೆ, ಒಳಗೆ ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡು ನಗುವರು. ತಡೆಯಬೇಕೆಂದಷ್ಟೂ ನಗು ಜಾಸ್ತಿ. ಶಮ್ಶುನ್ನೀಸಾ ಮಾತ್ರ ತಡೆಯುತ್ತಿರಲಿಲ್ಲ. ಅವಳು ನಕ್ಕರೆ ಮಾಳಿಗೆಯ ಪಾರಿವಾಳಗಳು ಹಾರುತ್ತಿದ್ದವು. ಅವಳ ತಾಯಿಯೂ ಇದೇ ಮಠಕ್ಕೆ ಹಿಟ್ಟು ತಂದವಳು, ಅವಳಜ್ಜಿಯೂ.

ಒಂದು ಕಥೆಯನ್ನು ಮಾತ್ರ ರೇವವ್ವ ಬಿಟ್ಟುಬಿಟ್ಟಿದ್ದಳು. ಬೀಗರ ಊರಿಗೆ ಹೊರಟ ಕಿವುಡನ ಕಥೆ. ಮೊದಲೆಲ್ಲ ಅದನ್ನೇ ಕೇಳಿ ಕೇಳಿ ಹೇಳಿಸುತ್ತಿದ್ದರು. ಈಗ ಯಾರಾದರೂ ನೆನಪು ಮಾಡಿದರೆ, “ಅದು ಮರತೈತವಾ” ಎಂದು ಹಂಚಿನ ಮೇಲಿನ ರೊಟ್ಟಿ ಹೊರಳಿಸುವಳು.

ಮಠದಲ್ಲಿ ಇನ್ನೊಂದು ರೂಢಿಯಿತ್ತು. ಶ್ರಾವಣದ ಕಡೆಯ ಸೋಮವಾರ ಪುರಾಣ ಶುರುವಾಗುವ ಮುನ್ನ ರೊಟ್ಟಿಮನೆಯ ಹೆಣ್ಣುಮಗಳೊಬ್ಬಳು ಹಜಾರದಲ್ಲಿ ಕೂತು ಎಲ್ಲರೆದುರು ಒಂದು ಕಥೆ ಹೇಳಬೇಕು. ಓದಿದವರ ಮಾತು ತಿಂಗಳಿಡೀ ಕೇಳಿದಿರಿ, ಅನ್ನ ಕೊಟ್ಟ ಕೈಯವರ ಮಾತನ್ನೂ ಒಂದು ದಿನ ಕೇಳಿ ಎಂದು ಹಿಂದಿನ ಅಜ್ಜಾರು ಹಾಕಿಕೊಟ್ಟ ಪದ್ಧತಿ. ಹೇಳಿದವಳಿಗೆ ಅಜ್ಜಾರ ಕೈಯಿಂದ ಒಂದು ತೆಂಗಿನಕಾಯಿ, ಒಂದು ಕುಬಸದ ಖಣ. ವರ್ಷ ವರ್ಷವೂ ಆ ಕಾಯಿ ರೇವವ್ವನ ಉಡಿಗೇ ಬೀಳುತ್ತಿತ್ತು. ಬೇರೆಯವರ ಉಡಿಗೆ ಬೀಳಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಎಪ್ಪತ್ತಾರನೆಯ ಇಸವಿಯ ಶ್ರಾವಣಕ್ಕೆ ಗುಂಡವ್ವ ಬಂದಳು. ಸಿಂದಗಿ ಕಡೆಯವಳು, ಊರ ಸಾಲೆಗೆ ವರ್ಗವಾಗಿ ಬಂದ ಧರೆಪ್ಪ ಮಾಸ್ತರರ ಹೆಂಡತಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಪೇಟೆಯಿಂದ ಪುಸ್ತಕ ತರಿಸಿ ಓದುವವಳು ಎಂಬ ಸುದ್ದಿ ಅವಳಿಗಿಂತ ಮೊದಲೇ ರೊಟ್ಟಿಮನೆಗೆ ಬಂದಿತ್ತು. ಅವಳೂ ಹಿಟ್ಟು ಕಟ್ಟಿಕೊಂಡು ಬಂದಳು. ಹೊಸಬಳಲ್ಲವೇ, ಕತ್ತಲೆಂದು ಯಾರಿಗೂ ಬೇಡವಾದ ಮೂಲೆ ಒಲೆ ಅವಳ ಪಾಲಿಗೆ ಬಂತು. ಮೊದಲ ದಿನ ಕಂಕುಳಲ್ಲಿ ಒಂದು ಪುಸ್ತಕವೂ ಇತ್ತು. ರೊಟ್ಟಿ ಬೇಯುವಷ್ಟರಲ್ಲಿ ನಾಲ್ಕು ಸಾಲು ಓದಿ ಹೇಳುತ್ತೇನೆಂದಳಂತೆ. ಆ ಕತ್ತಲಲ್ಲಿ ಅಕ್ಷರ ಕಾಣಲಿಲ್ಲ. ಮರುದಿನ ಪುಸ್ತಕ ತರಲಿಲ್ಲ. ಬಾಯಿಂದಲೇ ಹೇಳತೊಡಗಿದಳು.

ರೇವವ್ವ ಅದನ್ನು ಗಮನಿಸಿದ್ದು ಕೆಲವು ದಿನ ಕಳೆದ ಮೇಲೆ. ಕಣಜದ ಗೌಡನ ಕಥೆ ಮುಗಿಸಿ ನಗುವಿನ ನಡುವೆ ತಲೆಯೆತ್ತಿದರೆ, ಮೂಲೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬಳಲ್ಲ, ಎಲ್ಲರೂ.

“ಅಲ್ಲೇನ ನಡದೈತಿ ದುರ್ಗೀ?” ಎಂದು ಮಗ್ಗುಲಲ್ಲಿ ಕೂತ ದುರ್ಗವ್ವನನ್ನು ಕೇಳಿದಳು. ದುರ್ಗವ್ವ ಅವಳ ವಾರಿಗೆಯವಳು, ರೇವವ್ವ ಬಂದ ವರ್ಷವೇ ಈ ಊರಿಗೆ ಸೊಸೆಯಾಗಿ ಬಂದವಳು.

“ಮಾಸ್ತರ ಹೆಂಡ್ತಿ ಕಥಿ ಹೇಳಾಕತ್ತಾಳಂತ.”

“ಅದಕ್ಯಾಕ ಅಳಬೇಕು?”

“ಅಂಥಾ ಕಥಿ ಇರಬೇಕು ಬಿಡವಾ” ಎಂದಳು ದುರ್ಗವ್ವ, ಏನೂ ಅಲ್ಲವೆಂಬಂತೆ.

ಆ ಮಾತು ರೇವವ್ವನ ಎದೆಯೊಳಗೆ ಮುಳ್ಳಿನಂತೆ ಮುರಿದು ಕೂತಿತು. ತನ್ನ ಕಥೆಗೆ ಜನ ನಕ್ಕಿದ್ದರು, ಹೊಟ್ಟೆ ಹಿಡಿದುಕೊಂಡಿದ್ದರು, ಒಬ್ಬಳಂತೂ ಹಿಟ್ಟಿನ ಪರಾತವನ್ನೇ ಕೆಡವಿದ್ದಳು. ಆದರೆ ಅತ್ತಿರಲಿಲ್ಲ. ಒಬ್ಬಳೂ, ಒಂದು ದಿನವೂ. ನಗಿಸುವುದು ದೊಡ್ಡದೆಂದು ತಿಳಿದು ಬಾಳಿದವಳಿಗೆ ಆ ದಿನ ಅದು ಬಯಲಾಟದ ಕೋಡಂಗಿಯ ಕೆಲಸದಂತೆ ಕಂಡಿತು. ಇಪ್ಪತ್ತರ ಆಸುಪಾಸಿನ ಹುಡುಗಿ, ರೊಟ್ಟಿ ಬಡಿದರೆ ನಕಾಶೆಯಂತೆ ಅಂಚು ಸೊಟ್ಟ, ಅವಳು ಇಡೀ ಮೂಲೆಯನ್ನು ಅಳಿಸುತ್ತಾಳೆ.

ಬರಬರುತ್ತಾ ಬಾಗಿಲ ಒಲೆಯ ಸುತ್ತ ಜಾಗ ಖಾಲಿಯಾಗತೊಡಗಿತು. ಶಮ್ಶುನ್ನೀಸಾ ಕೂಡ ಒಂದು ದಿನ ತನ್ನ ಪರಾತ ಎತ್ತಿಕೊಂಡು ಮೂಲೆಗೆ ಹೋದಳು. ಕೆಲಸ ಮುಗಿದ ಮೇಲೆ ರೇವವ್ವ ಅವಳನ್ನು ಹಿಡಿದು ಕೇಳಿದಳು.

“ಯಾಕ ಶಮ್ಶವ್ವಾ, ನಗೂದು ಬ್ಯಾಸರಾತೇನ?”

“ಇಲ್ರಿ ರೇವಕ್ಕಾ. ಅಲ್ಲಿ ಬಡಿಯೋರು ಕಡಿಮಿ ಅದಾರ, ಅದಕ್ಕ.” ಅವಳ ಕಣ್ಣುಗಳು ಕೆಂಪಗಿದ್ದವು.

ಅಳಿಸುವುದು ಅಂಥಾ ಏನು ದೊಡ್ಡ ವಿದ್ಯೆ ಎಂದು ರೇವವ್ವ ತಾನೂ ಒಂದು ದುಃಖದ ಕಥೆ ಹೂಡಿದಳು. ಅತ್ತೆಯ ಕಾಟ ತಾಳದೆ ಸೊಸೆಯೊಬ್ಬಳು ಬಾವಿಯ ಕಡೆ ನಡೆಯುತ್ತಾಳೆ. ರೇವವ್ವ ದನಿ ಇಳಿಸಿದಳು. ಸೊಸೆ ಬಾವಿಯ ದಂಡೆಯ ಮೇಲೆ ನಿಂತಳು. ರೇವವ್ವ ನಿಟ್ಟುಸಿರು ಬಿಟ್ಟಳು. ಸೊಸೆ ಹಾರಿದಳು.

“ಬಾವ್ಯಾಗ ನೀರಾ ಇರಲಿಲ್ಲ, ಹೌದಿಲ್ಲೋ?” ಎಂದು ದುರ್ಗವ್ವ ಕೇಳಿದ್ದೇ ತಡ, ಉಳಿದವರೆಲ್ಲ ಸೆರಗು ಬಾಯಿಗಿಟ್ಟರು. ಬಾಗಿಲಲ್ಲಿ ಹಾದು ಹೋಗುತ್ತಿದ್ದ ಗಂಡಸೊಬ್ಬ ಇಣುಕಿ, “ಇವತ್ತೂ ಜೋರೈತೆಲ್ಲ ರೇವಕ್ಕಂದು” ಎಂದು ನಕ್ಕು ಹೋದ. ರೇವವ್ವ ಆ ಸೊಸೆಯನ್ನು ಬಾವಿಯಲ್ಲೇ ಬಿಟ್ಟು ಹಿಟ್ಟು ನಾದಿದಳು.

ಕಡೆಯ ಸೋಮವಾರ ಹತ್ತಿರ ಬಂತು. ಮಠದ ಮುದುಕ ಸೋಮನಿಂಗ, ಗಂಟೆ ಬಾರಿಸುವುದರಿಂದ ದೀಪದ ಎಣ್ಣೆಯವರೆಗೆ ಎಲ್ಲ ನೋಡಿಕೊಳ್ಳುವವನು, ರೊಟ್ಟಿಮನೆಯ ಬಾಗಿಲಿಗೆ ಬಂದು ನಿಂತ.

“ಈ ಸಲ ಕಥಿ ಹೇಳವರು ಇಬ್ಬರದಾರಂತ ಅಜ್ಜಾರ ಕಿವಿಗಿ ಬಿದ್ದೈತಿ. ಯಾರು ಹೇಳಬೇಕನ್ನೂದು ನೀವ ಕೂಡಿ ಠರಾವು ಮಾಡ್ರಿ ಅಂದಾರ. ನಾಳಿ ಸಂಜಿಕ ನನಗ ತಿಳಸ್ರಿ.”

ಯಾರೂ ರೇವವ್ವನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಅವಳಿಗೆ ಉತ್ತರವಾಯಿತು.

ಆ ಸಂಜೆ ಅವಳು ಗದ್ದುಗೆಗೆ ಹೋಗಿ ಹಣೆ ಮುಟ್ಟಿಸಿದಳು. ಬಹಳ ಹೊತ್ತು ಎದ್ದೇಳಲಿಲ್ಲ. “ಆಕಿಗಿ ಕೆಟ್ಟದ್ದು ಮಾಡಬ್ಯಾಡಪಾ ತಂದೀ. ಗಂಡ, ಮನಿ, ಎಲ್ಲಾ ತಣ್ಣಗಿರಲಿ. ನಾಲಿಗಿ ಒಂದೀಟು ಕಟ್ಟು, ಸಾಕು.” ಕೇಳಿದ್ದು ಅಷ್ಟೇ. ಅಷ್ಟು ಸಣ್ಣದನ್ನು ಕೇಳಿದರೆ ಪಾಪವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ವಿಭೂತಿಯನ್ನು ಎರಡು ಸಲ ಹಚ್ಚಿಕೊಂಡಳು.

ಮರುದಿನ ಅವಳು, ತನ್ನ ಒಲೆಯ ಬಾಯಿ ಕುಸಿದಿದೆಯೆಂಬ ನೆಪ ಹೇಳಿ ಪರಾತ ಹೊತ್ತು ಮೂಲೆಗೆ ನಡೆದಳು. ಅಂಥಾ ಕಥೆ ಏನೆಂದು ಕೇಳಿಯೇ ಬಿಡಬೇಕು.

“ಬರ್ರಿ ದೊಡ್ಡವ್ವಾ, ಕುಂದರ್ರಿ” ಎಂದು ಗುಂಡವ್ವ ಸಡಗರದಿಂದ ಜಾಗ ಮಾಡಿಕೊಟ್ಟಳು.

ಕೂತು ಇನ್ನೂ ಹಿಟ್ಟಿಗೆ ಎಸರು ಹಾಕಿರಲಿಲ್ಲ, ರೇವವ್ವನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಂಡಳು, ಮತ್ತೆ ಇಳಿಯಿತು. ಆ ಮೂಲೆಗೆ ಇದ್ದದ್ದು ಒಂದೇ ಬೆಳಕಿಂಡಿ, ಅದೂ ಪಡುವಣಕ್ಕೆ. ಶ್ರಾವಣದ ಪಡುಗಾಳಿ ಹೊಗೆಯನ್ನು ಹೊರಗೆ ಬಿಡದೆ ಒಳಕ್ಕೇ ತಳ್ಳುತ್ತಿತ್ತು. ಉರಿಗೆ ಹಾಕಿದ ಹತ್ತಿ ಕಟ್ಟಿಗೆ ಮಳೆಗೆ ನೆನೆದಿತ್ತು. ಸುತ್ತ ನೋಡಿದಳು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಗುಂಡವ್ವ ಇನ್ನೂ ಕಥೆ ಶುರು ಮಾಡಿರಲೇ ಇಲ್ಲ. ಬಗ್ಗಿ ಒಲೆ ಊದುತ್ತಿದ್ದಳು.

ರೇವವ್ವನಿಗೆ ಒಳಗೊಳಗೇ ನಗು ಉಕ್ಕಿತು. ಹೊಗೆ. ಇಷ್ಟು ದಿನ ತನ್ನ ಹೊಟ್ಟೆ ಉರಿಸಿದ್ದು ಬರೀ ಹೊಗೆ. ಎದೆಯ ಮೇಲಿನ ಬೀಸುಕಲ್ಲು ಇಳಿಸಿದಂತಾಗಿ ಅವಳು ಹುರುಪಿನಿಂದ ಹಿಟ್ಟು ನಾದತೊಡಗಿದಳು.

ಆಗ ಗುಂಡವ್ವ ಶುರು ಮಾಡಿದಳು. ತಲೆಯೆತ್ತದೆ, ಬಡಿಯುವ ಕೈ ನಿಲ್ಲಿಸದೆ, ತನಗೆ ತಾನೇ ಹೇಳಿಕೊಳ್ಳುವಂತೆ.

“ಒಂದೂರಾಗ ಒಬ್ಬಾಕಿ ಮುದುಕಿ. ಒಬ್ಬಾಕಿನ ಇದ್ರೂ ದಿನಾ ಒಂದು ರೊಟ್ಟಿ ಹೆಚ್ಚಿಗಿ ಬಡೀತಿದ್ಲು. ಯಾರಿಗವಾ ಇದು ಅಂದ್ರ ಒಂದಿನ ಆಕಳಿಗಿ ಅಂತಿದ್ಲು, ಒಂದಿನ ನಾಯಿಗಿ ಅಂತಿದ್ಲು. ಖರೇ ಯಾರಿಗಂತ ಹೇಳ್ತಿರಲಿಲ್ಲ. ಒಂದು ದಿವಸ ಶಿವ ಜಂಗಮನಾಗಿ ಬಾಗಲಾಗ ಬಂದು ನಿಂತ. ಮುದುಕಿ ತನ್ನ ಪಾಲಿನ ರೊಟ್ಟಿ ಕೊಟ್ಲು. ಇದು ಬ್ಯಾಡ, ಬುಟ್ಟಿ ತಳದಾಗಿಂದು ಕೊಡು ಅಂದ. ಅದು ನಂದಲ್ಲೋ ಯಪ್ಪಾ, ಕೊಡಾಕ ನನಗ ಹಕ್ಕಿಲ್ಲ ಅಂದ್ಲು. ಶಿವ ಹಟ ಹಿಡದ, ಹೊಸ್ತಲದ ಮ್ಯಾಲ ಕುಂತ. ಹೊತ್ತು ಇಳೀತು, ಇಬ್ಬರೂ ಉಣಲಿಲ್ಲ. ಕಡೀಕ ಶಿವನ ಸೋತ. ಯವ್ವಾ, ಹಂಗಾರ ಒಂದು ಮಾಡು. ಆ ರೊಟ್ಟಿ ಯಾರದೈತಿ, ಅವರ ಹೆಸರು ಹಿಡದು ನನ್ನ ಕರಿ. ಅವರಾಗಿ ಒಳಗ ಬರ್ತೇನಿ, ಅವರಾಗಿ ಉಣ್ತೇನಿ ಅಂದ. ಮುದುಕಿ ಆ ಹೆಸರು ಬಾಯಾಗ ಹಿಡದು ಬಾಳ ವರ್ಷ ಆಗಿತ್ತು. ತುಟಿ ಬಿಚ್ಚಿದ್ಲು, ಕರದ್ಲು...”

ಗುಂಡವ್ವ ನಿಲ್ಲಿಸಿದಳು. ಹೆಸರು ಹೇಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ನಡೆದಿತ್ತು.

ಹೊಗೆಯೊಳಗೆ ಕಣ್ಣು ಕಿರಿದು ಮಾಡಿ ನೋಡಿದ ರೇವವ್ವನಿಗೆ ಶಮ್ಶುನ್ನೀಸಾಳ ತುಟಿ ಅಲುಗಿದ್ದು ಕಂಡಿತು. ಆಚೆಯವಳ ತುಟಿಯೂ ಅಲುಗಿತು. ದನಿಯಿಲ್ಲ. ಒಬ್ಬೊಬ್ಬಳೂ ತನ್ನ ತನ್ನ ಹೆಸರನ್ನು ಕರೆದಳು, ಕಣ್ಣೊರೆಸಿಕೊಂಡಳು, ಮುಂದಿನ ಉಂಡೆಗೆ ಕೈ ಹಾಕಿದಳು. ಯಾಕೆ ಅಳುತ್ತೀ ಎಂದು ಒಬ್ಬರನ್ನೊಬ್ಬರು ಕೇಳಲಿಲ್ಲ. ಕೇಳುವಂತೆಯೇ ಇರಲಿಲ್ಲ. ಅಲ್ಲಿ ಎಲ್ಲರ ಕಣ್ಣಲ್ಲೂ ನೀರಿತ್ತು, ಯಾರದು ಹೊಗೆಯದು, ಯಾರದು ಒಳಗಿನದು ಎಂದು ಬೇರೆ ಮಾಡುವವರು ಯಾರು?

ರೇವವ್ವನ ಗಂಟಲಿಗೂ ಒಂದು ಹೆಸರು ಬಂತು. ಸುಂದರವ್ವ, ಅವಳ ಒಬ್ಬಳೇ ಮಗಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನೋವು ಎದ್ದಾಗ ಗಾಡಿ ಕಟ್ಟಿಕೊಂಡು ಮುದ್ದೇಬಿಹಾಳದ ದವಾಖಾನೆಗೆ ಹೊರಟರೆ ಹಳ್ಳ ತುಂಬಿ ನಿಂತಿತ್ತು. ನೀರು ಇಳಿಯಲೆಂದು ದಂಡೆಯಲ್ಲಿ ಕಾದರು. ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು, ನೋವು ಮರೆಯಲಿ ಎಂದು ರೇವವ್ವ ಅವಳಿಗೆ ಇಷ್ಟವಾದ ಕಿವುಡನ ಕಥೆ ತೆಗೆದಳು. ಕಿವುಡ ಬೀಗರ ಬಾಗಿಲು ತಲುಪುವ ಮೊದಲೇ ಮಗಳು ಹೋದಳು, ಹೊಟ್ಟೆಯೊಳಗಿನ ಕೂಸೂ ಹೋಯಿತು. ಕಥೆ ಅಲ್ಲೇ ನಿಂತಿತು. ಮಣ್ಣು ಮಾಡಿದ ವಾರದೊಳಗೆ ಅವಳು ಸೇವೆಗೆ ಬಂದು ಬಾಗಿಲ ಒಲೆಯ ಮುಂದೆ ಕೂತಳು. ಹೋಗುವವರು ಬರುವವರೆಲ್ಲ ಬಾಗಿಲಲ್ಲಿ ನಿಂತು ಅವಳ ಮುಖ ನೋಡಿದರು. ನೋಡುವ ಕಣ್ಣುಗಳನ್ನು ಕಳಿಸಲು ಅವಳು ಒಂದು ನಗೆಯ ಕಥೆ ಹೇಳಿದಳು. ಅವರು ನಕ್ಕು ಹೋದರು. ಮೊದಲು ಯಾರಾದರೂ ಕೇಳಿದರೆ ಹೇಳುತ್ತಿದ್ದವಳು ಅಂದಿನಿಂದ ಒಂದು ದಿನವೂ ನಿಲ್ಲಿಸಿರಲಿಲ್ಲ. ನಗಿಸುವುದು ತನ್ನ ಗುಣ ಎಂದುಕೊಂಡಿದ್ದಳು. ಅದು ಆ ಬಾಗಿಲಿನ ಗುಣವಾಗಿತ್ತೇ?

“ದೊಡ್ಡವ್ವಾ, ರೊಟ್ಟಿ” ಎಂದಳು ಗುಂಡವ್ವ. ಹಂಚಿನ ಮೇಲೆ ರೊಟ್ಟಿ ಕರಿಕಾಗಿತ್ತು.

ರೇವವ್ವ ಹೆಸರು ಕರೆಯಲಿಲ್ಲ. ಹಲ್ಲು ಕಚ್ಚಿ ಅದನ್ನು ಕೆಳಗಿಳಿಸಿದಳು. ಎದೆ ಮೆತ್ತಗಾಗಬೇಕಿತ್ತು, ಆಗಲಿಲ್ಲ; ಇನ್ನೂ ಬಿಗಿಯಾಯಿತು. ತಾನು ಇಷ್ಟು ವರ್ಷ ಮುಚ್ಚಿಟ್ಟ ಬುಟ್ಟಿಯ ತಳಕ್ಕೆ ನಿನ್ನೆ ಮೊನ್ನೆ ಬಂದವಳು ಕೈ ಹಾಕಿದಳಲ್ಲ ಎಂಬ ಸಿಟ್ಟು. ತನಗೆ ಬಾರದ ಕಥೆ ಇವಳಿಗೆ ಬಂತಲ್ಲ ಎಂಬ ಉರಿ. ಜೊತೆಗೇ ಒಂದು ಲೆಕ್ಕಾಚಾರವೂ ಹೊಳೆಯಿತು. ಹಜಾರದಲ್ಲಿ ಹೊಗೆ ಇಲ್ಲ.

ಸಂಜೆ ಸೋಮನಿಂಗ ಬಂದು ಕೇಳಿದಾಗ ಎಲ್ಲರಿಗಿಂತ ಮೊದಲು ಬಾಯಿ ತೆರೆದವಳು ಅವಳೇ. “ಗುಂಡವ್ವ ಹೇಳ್ತಾಳ.”

ದುರ್ಗವ್ವ ಬಾಯಿ ಬಿಟ್ಟು ನೋಡಿದಳು. ಗುಂಡವ್ವ ಹಿಟ್ಟಿನ ಕೈಯಲ್ಲೇ ಬಂದು ಅವಳ ಕಾಲು ಮುಟ್ಟಿದಳು. “ನನಗ ಮಂದಿ ಮುಂದ ಹೇಳಿ ರೂಢಿ ಇಲ್ರಿ ದೊಡ್ಡವ್ವಾ. ನೀವ ಹೇಳ್ರಿ.”

“ಹೇಳಿದ್ರ ರೂಢಿ ಆಗತೈತಿ ತಂಗೀ. ಅದ ರೊಟ್ಟಿ ಕಥಿ ಹೇಳು, ಚೊಲೋ ಐತಿ” ಎಂದಳು ರೇವವ್ವ. ದನಿಯಲ್ಲಿ ಬೆಲ್ಲವಿತ್ತು. ಊರೆಲ್ಲ ಅವಳ ದೊಡ್ಡಗುಣವನ್ನು ಆಡಿಕೊಂಡಿತು.

ಸೋಮವಾರ ಹಜಾರ ತುಂಬಿತು. ಮುಂದೆ ಗಂಡಸರು, ಕಂಬಗಳ ಹಿಂದೆ ಹೆಂಗಸರು. ಊರಿಗೆ ಕರೆಂಟು ಬಂದು ವರ್ಷವಾಗಿತ್ತಷ್ಟೆ. ಗದ್ದುಗೆಯ ಮೇಲೆ ಹೊಸ ಟ್ಯೂಬ್‌ಲೈಟು ಬೆಳ್ಳಗೆ ಉರಿಯುತ್ತಿತ್ತು. ಜಾತ್ರೆ ಮದುವೆಗೆ ಮೈಕು ಬಾಡಿಗೆಗೆ ಕೊಡುವ ಮೋದಿನಸಾಬ ತನ್ನ ಮೈಕು ತಂದು ಗುಂಡವ್ವನ ಮುಂದೆ ನಿಲ್ಲಿಸಿದ. ಅವಳ ಉಸಿರು ಕೂಡ ಊರಿಗೆಲ್ಲ ಕೇಳಿತು.

ಅವಳು ಶುರು ಮಾಡಿದಳು. ರೊಟ್ಟಿಮನೆಯಲ್ಲಿ ಕೇಳಿದ್ದ ದನಿಯೇ ಅಲ್ಲ ಅದು. ಸಾಲೆಯ ಹುಡುಗಿ ಪದ್ಯ ಒಪ್ಪಿಸಿದಂತಿತ್ತು. ಮುದುಕಿ ಬಂದಳು, ಶಿವ ಬಂದ, ಹೊಸ್ತಿಲ ಮೇಲೆ ಕೂತ. ಗಂಡಸರಲ್ಲಿ ಒಬ್ಬಿಬ್ಬರು ಕೆಮ್ಮಿದರು. ಯಾರೋ ಆಕಳಿಸಿದರು. ಕಂಬಕ್ಕೆ ಒರಗಿದ ರೇವವ್ವನ ಹೊಟ್ಟೆ ತಣ್ಣಗಾಗುತ್ತಾ ಬಂತು.

“ತುಟಿ ಬಿಚ್ಚಿದ್ಲು, ಕರದ್ಲು...” ಎಂದು ಗುಂಡವ್ವ ರೂಢಿಯಂತೆ ನಿಲ್ಲಿಸಿದಳು.

ರೊಟ್ಟಿಯ ಸಪ್ಪಳವಿರಲಿಲ್ಲ. ಮೈಕು ಗುಂಯ್‌ಗುಟ್ಟಿತು. ಬೆಳಕಿನಲ್ಲಿ ಎಲ್ಲರಿಗೂ ಎಲ್ಲರ ಮುಖ ಕಾಣುತ್ತಿತ್ತು. ಹೆಂಗಸರು ತುಟಿ ಬಿಗಿದು ನೆಲ ನೋಡಿದರು.

“ಏನಂತ ಕರದ್ಲವಾ? ಹೆಸರು ಹೇಳು” ಎಂದ ಸೋಮನಿಂಗ, ಸಹಾಯ ಮಾಡುವವನಂತೆ. ಮುಂದಿನ ಸಾಲಿನಲ್ಲಿ ನಗು ಹರಿಯಿತು.

ಗುಂಡವ್ವ ಆ ಹೆಸರನ್ನು ಎಂದೂ ಇಟ್ಟಿರಲೇ ಇಲ್ಲ. ಇಡುತ್ತಿದ್ದವರು ಮೂಲೆಯ ಹೆಂಗಸರು. ಬಾಯಿ ತೆರೆದಳು, ಮುಚ್ಚಿದಳು. ಮಡಿಲಲ್ಲಿದ್ದ ಅವಳ ಎರಡು ಕೈಗಳೂ ಇಲ್ಲದ ರೊಟ್ಟಿಯನ್ನು ಮೆಲ್ಲಗೆ ಬಡಿಯುತ್ತಿದ್ದವು.

ನಾಲಿಗೆ ಕಟ್ಟಿತ್ತು. ಗದ್ದುಗೆಗೆ ಹಣೆ ಮುಟ್ಟಿಸಿ ಕೇಳಿದ್ದು ಕೇಳಿದ ಹಾಗೇ ಕೈಗೂಡಿತ್ತು. ರೇವವ್ವ ಆ ಕೈಗಳನ್ನೇ ನೋಡಿದಳು. ನೋಡುತ್ತಿದ್ದಂತೆ, ಹಲ್ಲು ಕಚ್ಚಿ ಕೆಳಗಿಳಿಸಿದ್ದು ಮತ್ತೆ ಮೇಲೆ ಬಂತು. ಹೊಸ್ತಿಲ ಮೇಲೆ ಶಿವ ಹಸಿದು ಕೂತಿದ್ದ. ಮುದುಕಿ ಕರೆಯದೆ ಅವನು ಏಳುವಂತಿರಲಿಲ್ಲ.

“ಸುಂದರವ್ವಾ” ಎಂಬ ಕೂಗು ಕಂಬದ ಹಿಂದಿನಿಂದ ಬಂತು. “ಬಾರ ನಮ್ಮವ್ವಾ, ಉಣಬಾ.”

ಅದು ತನ್ನದೇ ದನಿ ಎಂದು ರೇವವ್ವನಿಗೆ ತಿಳಿದದ್ದು ಎಲ್ಲರೂ ತಿರುಗಿ ನೋಡಿದ ಮೇಲೆ. ನಗುತ್ತಿದ್ದವರು ನಿಲ್ಲಿಸಿದರು. ಆ ಹೆಸರು ಊರಿಗೆ ಗೊತ್ತಿತ್ತು. ಅವಳ ಹಿಂದೆ ಶಮ್ಶುನ್ನೀಸಾ, ಸತ್ತ ತಮ್ಮನ ಹೆಸರನ್ನು, ಗೈಬುಸಾಬ ಎಂದು ಮೆಲ್ಲಗೆ ಕರೆದಳು. ಗಂಡಸರ ಕಡೆಯಿಂದ ಒಂದು ಮುದಿ ದನಿ “ಪರಸೂ” ಅಂದಿತು. ಸೋಮನಿಂಗ ತಲೆಯ ರುಮಾಲಿನಿಂದ ಮುಖ ಮುಚ್ಚಿಕೊಂಡಿದ್ದ. ಆಮೇಲೆ ಯಾರು ಯಾರು ಯಾರನ್ನು ಕರೆದರೋ, ಅಜ್ಜಾರು ಕಣ್ಣು ಮುಚ್ಚಿ ಕೂತಿದ್ದರು.

ಗುಂಡವ್ವನ ದನಿ ಈಗ ಮೂಲೆ ಒಲೆಯ ದನಿಯಾಗಿತ್ತು. “ಹಂಗ ಕರದ್ಲು. ಶಿವ ಎದ್ದು ಒಳಗ ಬಂದ. ಕುಂತು ಉಂಡ.”

“ಅಳಾಕತ್ತೀ ಏನ ರೇವೀ?” ಎಂದು ದುರ್ಗವ್ವ ಕಿವಿಯಲ್ಲಿ ಕೇಳಿದಳು.

“ಹೊಗಿ ಬಂತು.”

“ಇಲ್ಲೆಲ್ಲಿ ಹೊಗಿ?”

ಅಷ್ಟರಲ್ಲಿ ಅಜ್ಜಾರು ಕಾಯಿ ಮತ್ತು ಖಣವನ್ನು ಗುಂಡವ್ವನ ಉಡಿಗೆ ಹಾಕಿದರು. ಖಣ ಕುಸುಬೆ ಬಣ್ಣದ್ದು, ಇಳಕಲ್ಲ ಸೀರೆಯ ಮೇಲೆ ತನಗೇ ಒಪ್ಪುವಂಥದ್ದು ಎಂದು ಅಷ್ಟು ಕಣ್ಣೀರಿನ ನಡುವೆಯೂ ರೇವವ್ವನಿಗೆ ಕಂಡಿತು. ಹೊಟ್ಟೆಯಲ್ಲಿ ಒಂದು ಕಿಡಿ ಚುರ್‌ ಎಂದಿತು.

ಮರುದಿನ ಎಂದಿಗಿಂತ ಮೊದಲೇ ರೊಟ್ಟಿಮನೆಗೆ ಬಂದಳು. ಬಾಗಿಲ ಒಲೆ ಅವಳಿಗಾಗಿ ಉರಿ ಹಿಡಿದು ಕಾಯುತ್ತಿತ್ತು, ಅಂಗಳದಲ್ಲಿ ಗಂಡಸರು ಕಟ್ಟಿಗೆ ಇಳಿಸುತ್ತಿದ್ದರು. ಅದನ್ನು ದಾಟಿ, ಪರಾತ ಬಗಲಲ್ಲಿಟ್ಟುಕೊಂಡು ಮೂಲೆಗೆ ನಡೆದಳು.

“ಅತ್ತ ಸರಿಯವಾ ಮಾಸ್ತರ ಹೆಂಡ್ತಿ” ಎಂದಳು ಕಣ್ಣು ತಿಕ್ಕಿಕೊಳ್ಳುತ್ತಾ. “ಒಬ್ಬಾಕಿನ ಹೇಳಿದ್ರ ಮುಗೀತೇನ? ಬೀಗರ ಊರಿಗಿ ಹೊಂಟ ಕಿವುಡಂದು ನಂದೊಂದು ಕಥಿ ಅರ್ಧಕ್ಕ ನಿಂತೈತಿ.”